ಎರಡು ಗುಂಟೆ ನಾಟಿ ಜೋಳ: ತಳಿ ವೈವಿಧ್ಯ ನಮ್ಮ ಹೊಲಕ್ಕೆ ಯಾಕೆ ಬೇಕು?

ಮೈಸೂರಿನ ದಿನಸಿ ಅಂಗಡಿಗೆ ಹೋಗಿ ‘ಜೋಳ ಕೊಡಿ’ ಅಂತ ಕೇಳಿ. ‘ಬಿಳಿ ಜೋಳನಾ, ಮುಸುಕಿನ ಜೋಳನಾ?’ ಅಂತಾರೆ, ಅಷ್ಟೇ. ಬಿಳಿ ಜೋಳದಲ್ಲೇ ಹತ್ತಾರು ತರ ಇದೆ ಅನ್ನೋ ಮಾತು ಬರೋದೇ ಇಲ್ಲ.

ಅದೇ ನಂಜರಾಜ ಬಹದ್ದೂರ್ ಛತ್ರದಲ್ಲಿ ದೇಸಿ ಬೀಜಗಳ ಮೇಳ ನಡೆದಾಗ ಒಂದು ಸುತ್ತು ಹಾಕಿ, ಬೀಜ ಉಳಿಸಿಕೊಂಡು ಬಂದಿರುವ ರೈತರನ್ನ ಮಾತಾಡಿಸಿ. ಉತ್ತರ ಕರ್ನಾಟಕದವರಾದರೆ ಬಾಯಲ್ಲೇ ಪಟ್ಟಿ ಕೊಡ್ತಾರೆ: ರೊಟ್ಟಿಗೆ ಮಲ್ದಂಡಿ, ನಾಗರ ಪಂಚಮಿಗೆ ಅರಳು ಹುರಿಯೋಕೆ ಅಳ್ಳಿನ ಜೋಳ, ಎಳೇ ತೆನೆ ಸುಟ್ಟು ತಿನ್ನೋಕೆ ಸೀತನಿ ಜೋಳ. ಇದು ಬರೀ ರುಚಿಯ ವಿಷಯ ಅಲ್ಲ. ತಳಿ ಬೇರೆ ಆದರೆ ರೋಗ, ಮಳೆ, ಬರವನ್ನ ಎದುರಿಸೋ ಶಕ್ತಿನೂ ಬೇರೆ.

ಮಳೆ ಹಿಡಿದ್ರೆ ಗೊತ್ತಾಗುತ್ತೆ

ನಂಜನಗೂಡು, ಚಾಮರಾಜನಗರ ಕಡೆ ಮುಂಗಾರು ಪೂರ್ವ ಮಳೆಗೇ ಜೋಳ ಬಿತ್ತೋ ರೂಢಿ ಇದೆ. ಕಾಳು ಬಲಿಯೋ ಹೊತ್ತಿಗೆ ಸರಿಯಾಗಿ ಮಳೆ ಹಿಡಿದ್ರೆ ಕಾಳಿಗೆ ಬೂಷ್ಟು ಹಿಡಿದು ಕಪ್ಪಾಗುತ್ತೆ. ಆಮೇಲೆ ಬೆಲೆ ಕೇಳೋರಿಲ್ಲ. ಬೇಗ ಹೂ ಬಿಡೋ, ಒತ್ತು ತೆನೆಯ ತಳಿಗಳಿಗೆ ಈ ಕಾಟ ಜಾಸ್ತಿ.

ತೆನೆ ಬಿಡಿಬಿಡಿಯಾಗಿದ್ದರೆ ಗಾಳಿಯಾಡಿ ನೀರು ಬೇಗ ಆರುತ್ತೆ. ಕೆಲವು ಕೆಂಪು ಜೋಳಗಳಲ್ಲಿ ಟ್ಯಾನಿನ್ ಎಂಬ ಒಗರು ಅಂಶ ಇರುತ್ತೆ. ಅದು ಬೂಷ್ಟನ್ನು ತಡೆಯುತ್ತೆ, ಹಕ್ಕಿಗಳೂ ಅಷ್ಟಾಗಿ ಮುಟ್ಟಲ್ಲ. ಇನ್ನು ಎತ್ತರಕ್ಕೆ ಬೆಳೆಯುವ ಎಷ್ಟೋ ನಾಟಿ ಮುಂಗಾರು ಜೋಳಗಳು ಹಗಲಿನ ಹೊತ್ತು ಕಡಿಮೆಯಾಗೋ ತನಕ ಹೂವನ್ನೇ ಬಿಡಲ್ಲ. ಸ್ವಲ್ಪ ಹಿಂದೆ ಮುಂದೆ ಬಿತ್ತಿದ್ರೂ ಮಳೆ ಇಳಿಯೋ ಕಾಲಕ್ಕೇ ಅವುಗಳ ಕಾಳು ಬಲಿಯುತ್ತೆ.

ಬರದಲ್ಲೂ ಹೀಗೇ. ಕೊನೇ ಹಂತದಲ್ಲಿ ನೀರಿಲ್ಲದಿದ್ದರೂ ಗರಿ ಹಸಿರಾಗೇ ಇರುವ ಗುಣ ಇಥಿಯೋಪಿಯಾದ ರೈತರ ಹಳೇ ಜೋಳದಿಂದ ಸಿಕ್ಕಿತು. ಇವತ್ತು ಅದನ್ನೇ ಬಳಸಿ ಹಲವು ದೇಶಗಳಲ್ಲಿ ಹೊಸ ತಳಿ ಕಟ್ಟುತ್ತಿದ್ದಾರೆ.

ಒಂದೇ ತಾಯಿಯ ಮಕ್ಕಳು

ಭಾರತದ ಮೊದಲ ಹೈಬ್ರಿಡ್ ಜೋಳ ಸಿಎಸ್‌ಎಚ್-1 ಬಂದಿದ್ದು 1964ರಲ್ಲಿ. ಹೈಬ್ರಿಡ್‌ನಿಂದ ಇಳುವರಿ ಹೆಚ್ಚಾಯ್ತು, ಇದನ್ನ ಅಲ್ಲಗಳೆಯೋ ಹಾಗಿಲ್ಲ. ಆದರೆ ಹೈಬ್ರಿಡ್ ಬೀಜ ಮಾಡೋಕೆ ಗಂಡು ಪರಾಗ ಇಲ್ಲದ ತಾಯಿ ಸಾಲು ಬೇಕು. ಮಾರುಕಟ್ಟೆಯ ಹೈಬ್ರಿಡ್‌ಗಳಲ್ಲಿ ಬಹುಪಾಲು ಈ ಗುಣವನ್ನ ಪಡೆದಿರೋದು ‘ಮೈಲೋ’ ಎಂಬ ಒಂದೇ ಮೂಲದಿಂದ. ಅಂದ್ರೆ ಚೀಲದ ಮೇಲಿನ ಹೆಸರು ಬೇರೆ ಬೇರೆ, ತಾಯಿ ಕಡೆಯ ಬೇರು ಒಂದೇ.

ಅದರಲ್ಲೇನು ಅಪಾಯ? 1970ರಲ್ಲಿ ಅಮೆರಿಕದ ಮುಸುಕಿನ ಜೋಳಕ್ಕೆ ಆಗಿದ್ದು ನೋಡಿ. ಅಲ್ಲಿನ ಹೆಚ್ಚಿನ ಹೈಬ್ರಿಡ್‌ಗಳ ತಾಯಿ ಮೂಲ ಒಂದೇ ಆಗಿತ್ತು. ಆ ಮೂಲಕ್ಕೇ ತಗಲೋ ಎಲೆ ಅಂಗಮಾರಿ ರೋಗ ಬಂತು. ಒಂದೇ ವರ್ಷದಲ್ಲಿ ದೇಶದ ಬೆಳೆಯಲ್ಲಿ ಸುಮಾರು ಶೇ. 15 ಹೋಯ್ತು. ಜೋಳಕ್ಕೆ ಅಂಥ ಹೊಡೆತ ಬಿದ್ದಿಲ್ಲ. ಬೀಳೋಕೆ ಮೊದಲೇ ಎಚ್ಚರ ಆಗೋದು ಒಳ್ಳೇದಲ್ವಾ?

ಬೀಜ ಬ್ಯಾಂಕ್ ಇದೆಯಲ್ಲ, ನಮಗೇನು?

ಹೈದರಾಬಾದ್ ಬಳಿ ಪಟಾಂಚೆರುವಿನಲ್ಲಿರುವ ಇಕ್ರಿಸ್ಯಾಟ್‌ನ ಶೀತಲ ಕೋಣೆಗಳಲ್ಲಿ ಜೋಳದ 40 ಸಾವಿರಕ್ಕೂ ಹೆಚ್ಚು ಮಾದರಿಗಳಿವೆ. ಅದು ದೊಡ್ಡ ಆಸ್ತಿ. ಆದರೆ ಅಲ್ಲಿರೋ ಬೀಜ ನಿದ್ದೆಯಲ್ಲಿದೆ. ಹೊಲದಲ್ಲಿರೋ ಬೀಜ ಪ್ರತಿ ವರ್ಷ ನಮ್ಮ ಮಣ್ಣು, ನಮ್ಮ ಮಳೆ, ನಮ್ಮ ಕೀಟಕ್ಕೆ ಒಗ್ಗಿಕೊಳ್ಳುತ್ತಾ ಹೋಗುತ್ತೆ. ಮಲ್ದಂಡಿಯನ್ನೇ ನೋಡಿ. ಎಂ 35-1 ಅನ್ನ 1930ರ ದಶಕದಲ್ಲಿ ಸೊಲ್ಲಾಪುರದ ಮೊಹೋಳದಲ್ಲಿ ರೈತರ ಸ್ಥಳೀಯ ಜೋಳದಿಂದಲೇ ಆರಿಸಿದ್ದು. ಇವತ್ತಿಗೂ ಹಿಂಗಾರಿಗೆ ವಿಜಯಪುರ, ಕಲಬುರಗಿ ರೈತರು ಅದನ್ನ ಬಿಟ್ಟಿಲ್ಲ. ರೈತರು ಆ ಜೋಳ ಉಳಿಸಿರದಿದ್ದರೆ ಆರಿಸೋಕೆ ಏನಿರ್ತಿತ್ತು?

ನೀವು ಮಾಡಬಹುದಾದದ್ದು

ಮುಖ್ಯ ಬೆಳೆ ನಿಮ್ಮಿಷ್ಟ. ಪಕ್ಕದಲ್ಲಿ ಎರಡು ಗುಂಟೆ ನಾಟಿ ಜೋಳಕ್ಕೆ ಬಿಡಿ. ಗುಂಟೆಗೆ ನೂರು ಗ್ರಾಂ ಬೀಜ ಸಾಕು.

• ಜೋಳ ಹೆಚ್ಚಾಗಿ ಸ್ವಪರಾಗಸ್ಪರ್ಶದ ಬೆಳೆ. ಆದರೂ ಗಾಳಿಯಿಂದ ಸ್ವಲ್ಪ ಬೆರಕೆ ಆಗುತ್ತೆ. ಬೇರೆ ಜೋಳದಿಂದ 200 ಮೀಟರ್ ದೂರ ಬಿತ್ತಿ. ಆಗದಿದ್ದರೆ ಹೂ ಬಿಡೋ ಮುಂಚೆ ತೆನೆಗಳಿಗೆ ಕಾಗದದ ಚೀಲ ಕಟ್ಟಿ.
• ಬೀಜದ ತೆನೆಯನ್ನ ತಾಕಿನ ಅಂಚಿನಲ್ಲಿ ಬೇಡ, ನಡುವಿನಿಂದ ಆರಿಸಿ. ಬರೀ ನಾಲ್ಕು ದಪ್ಪ ತೆನೆ ಸಾಲದು. ನೂರರಷ್ಟು ಆರೋಗ್ಯವಾದ ಗಿಡಗಳಿಂದ ತಗೊಳ್ಳಿ. ಆಗ ತಳಿಯೊಳಗಿನ ವೈವಿಧ್ಯವೂ ಉಳಿಯುತ್ತೆ.
• ಬೀಜವನ್ನ ಚೆನ್ನಾಗಿ ಒಣಗಿಸಿ, ಬೂದಿ ಬೆರೆಸಿ ಮುಚ್ಚಿಡಿ. ಒಂದು ಪಾಲನ್ನ ಬೇರೆ ಊರಿನ ಗೆಳೆಯರಿಗೂ ಕೊಡಿ. ನಿಮ್ಮಲ್ಲಿ ಕೆಟ್ಟರೆ ಅಲ್ಲಿರುತ್ತೆ.
• ಮೊಬೈಲ್‌ನಲ್ಲಿ ತೆನೆ, ಕಾಳು, ಗಿಡದ ಫೋಟೋ ತೆಗೆದು ತಳಿಯ ಹೆಸರು, ಕೊಟ್ಟವರ ಊರು, ಹೂ ಬಿಟ್ಟ ದಿನ ಬರೆದಿಡಿ.
• ಹೈಬ್ರಿಡ್ ಬೆಳೆಯ ಕಾಳನ್ನ ಬಿತ್ತನೆಗೆ ಇಡಬೇಡಿ. ಮುಂದಿನ ವರ್ಷ ಒಂದೊಂದು ಗಿಡ ಒಂದೊಂದು ತರ ಬರುತ್ತೆ.

ಕಾನೂನು, ಬೆಲೆ

2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ ಪ್ರಕಾರ ರೈತರು ತಮ್ಮ ಬೀಜವನ್ನ ಉಳಿಸಬಹುದು, ಬಿತ್ತಬಹುದು, ಹಂಚಬಹುದು, ಬ್ರ್ಯಾಂಡ್ ಹೆಸರಿಲ್ಲದೆ ಮಾರಲೂಬಹುದು. ನಿಮ್ಮ ಮನೆತನದ ತಳಿಯನ್ನ ರೈತರ ತಳಿಯಾಗಿ ನೋಂದಾಯಿಸೋಕೆ ಶುಲ್ಕವೂ ಇಲ್ಲ. ಸುತ್ತೂರಿನ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ ನೋಡಿ.

ಬೆಲೆ ವಿಷಯದಲ್ಲಿ ಮಾತ್ರ ಭ್ರಮೆ ಬೇಡ. 2025-26ರ ಬೆಂಬಲ ಬೆಲೆ ಹೈಬ್ರಿಡ್ ಜೋಳಕ್ಕೆ ಕ್ವಿಂಟಲ್‌ಗೆ 3,699 ರೂ., ಮಲ್ದಂಡಿಗೆ 3,749 ರೂ. ವ್ಯತ್ಯಾಸ ಬರೀ 50 ರೂಪಾಯಿ. ಇಳುವರಿಯ ಕೊರತೆಯನ್ನ ಅದು ತುಂಬಲ್ಲ. ಅದಕ್ಕೇ ಇಡೀ ಹೊಲ ಅಲ್ಲ, ಎರಡು ಗುಂಟೆ ಅಂದಿದ್ದು. ಅದನ್ನ ವಿಮೆ ಕಂತು ಅಂತ ತಿಳ್ಕೊಳ್ಳಿ.

ಈ ವಾರ ಒಂದು ಕೆಲಸ ಮಾಡಿ. ಮನೆಯ ಅಜ್ಜಿ ತಾತನ ಹತ್ರ ಕೂತು, ಅವರ ಕಾಲದಲ್ಲಿ ಯಾವ್ಯಾವ ಜೋಳ ಬೆಳೀತಿದ್ರು ಅಂತ ಕೇಳಿ, ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಹೆಸರು ಗೊತ್ತಿದ್ದರೆ ಬೀಜ ಹುಡುಕಬಹುದು. ಹೆಸರೇ ಮರೆತು ಹೋದ್ರೆ ಹುಡುಕೋದಾದ್ರೂ ಏನನ್ನ?