ಕಸ ಪುಕ್ಕಟೆ, ಟೀಚರ್ ಸಮಯ ಪುಕ್ಕಟೆ ಅಲ್ಲ

ಹೋದ ತಿಂಗಳು ಹುಬ್ಬಳ್ಳಿಯಲ್ಲಿ ಅಕ್ಕನ ಮನೆಗೆ ಹೋಗಿದ್ದೆ. ಯುಕೆಜಿ ಓದುವ ಅವಳ ಮಗಳಿಗೆ ‘ಕಸದಿಂದ ರಸ’ ಪ್ರಾಜೆಕ್ಟ್ ಕೊಟ್ಟಿದ್ದರು. ಟೇಬಲ್ ಮೇಲೆ ಚೆಂದದ ಗಾಳಿಯಂತ್ರ ನಿಂತಿತ್ತು. ಥರ್ಮಾಕೋಲ್, ಗ್ಲಿಟರ್ ಹಾಳೆ ಎಲ್ಲಾ ಅಂಗಡಿಯಿಂದ ತಂದದ್ದು.

‘ಇದರಾಗ ನೀ ಏನ ಮಾಡಿದಿ?’ ಅಂದೆ.

‘ನಾ ಏನೂ ಮಾಡಿಲ್ಲ ಮಾಮಾ, ಅವ್ವನ ಮಾಡ್ಯಾಳ.’

ಅಂದರೆ ದುಡ್ಡು ಕೊಟ್ಟು ಹೊಸ ಕಸ ತಂದಂಗಾಯ್ತು.

ಹಾಗಾದರೆ ಈ ಚಟುವಟಿಕೆಯ ಉದ್ದೇಶ ಏನು? ಐಐಟಿ ಕಾನ್ಪುರದಲ್ಲಿ ಓದಿ ಪುಣೆಯ ಟೆಲ್ಕೋದಲ್ಲಿದ್ದ ಅರವಿಂದ ಗುಪ್ತಾ 1978ರಲ್ಲಿ ರಜೆ ಹಾಕಿ ಮಧ್ಯಪ್ರದೇಶದ ಹೋಶಂಗಾಬಾದ್ ವಿಜ್ಞಾನ ಬೋಧನಾ ಕಾರ್ಯಕ್ರಮಕ್ಕೆ ಹೋದರು. ಬೆಂಕಿಕಡ್ಡಿ, ಸೈಕಲ್ ವಾಲ್ವ್ ಟ್ಯೂಬ್ ತುಂಡುಗಳಿಂದ ಆಟಿಕೆ ಮಾಡಿದರು. ಮೂರು ಕಡ್ಡಿ ಜೋಡಿಸಿದರೆ ತ್ರಿಕೋನ. ಒತ್ತಿದರೂ ಆಕಾರ ಬದಲಾಗಲ್ಲ. ನಾಲ್ಕು ಜೋಡಿಸಿದರೆ ಚೌಕ ವಾಲುತ್ತೆ. ಅಡ್ಡಕ್ಕೆ ಇನ್ನೊಂದು ಕಡ್ಡಿ ಹಾಕಿ, ಗಟ್ಟಿ ನಿಲ್ಲುತ್ತೆ. ರೈಲ್ವೆ ಸೇತುವೆಯ ಉಕ್ಕಿನಲ್ಲಿ ತ್ರಿಕೋನಗಳೇ ಕಾಣೋದು ಇದಕ್ಕೇ. ಇಂಜಿನಿಯರಿಂಗಿನಲ್ಲಿ ನಾನು ಇದನ್ನ ಸೂತ್ರ ಬರೆದು ಪಾಸಾದೆ, ಬೆರಳಿಂದ ಒತ್ತಿ ನೋಡಿರಲಿಲ್ಲ.

ಮೂರರಿಂದ ಆರು ವರ್ಷದವರಿಗೆ ಇನ್ನೂ ಸರಳ. ಬಾಟಲಿ ಮುಚ್ಚಳಗಳನ್ನು ಬಣ್ಣ, ಗಾತ್ರ ನೋಡಿ ಬೇರೆ ಮಾಡುವುದೇ ಗಣಿತದ ಮೊದಲ ಪಾಠ. ಹಳೇ ಪೇಪರ್ ಹರಿದು ಮಡಚಿದರೆ ಪೆನ್ಸಿಲ್ ಹಿಡಿಯುವ ಬೆರಳಿಗೆ ಬಲ. (ಇನ್ನೂ ಸಣ್ಣವರಿಗೆ ಮುಚ್ಚಳ ಕೊಡಬೇಡಿ, ಬಾಯಿಗೆ ಹಾಕ್ತಾರೆ.)

ನಮ್ಮ ಕಡೆ ಇದು ಹೊಸದೂ ಅಲ್ಲ. ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತು, ಆಷಾಢದ ಮಂಗಳವಾರ ಗುಳ್ಳವ್ವ, ಮಕ್ಕಳೇ ಮಣ್ಣು ಕಲಸಿ ಮಾಡ್ತಿದ್ದರು. ಕೊಂಬು ಸೊಟ್ಟ ಆದರೆ ಯಾರೂ ಮಾರ್ಕ್ಸ್ ಕಟ್ ಮಾಡ್ತಿರಲಿಲ್ಲ.

ಅವತ್ತು ಸಂಜೆ ಸೊಸೆಗೆ ಧಾರವಾಡ ಪೇಢಾದ ಖಾಲಿ ಡಬ್ಬಿ ಕೊಟ್ಟೆ. ದಾರ ಕಟ್ಟಿ, ಕಿಟಕಿ ಬರೆದು ಚಿಗರಿ ಬಸ್ ಮಾಡಿದಳು. ಎಷ್ಟು ಮುಚ್ಚಳ ಹಿಡಿಯುತ್ತೆ ಅಂತ ತಾನೇ ಎಣಿಸಿದಳು. ಖರ್ಚಾಗಿದ್ದು ನನ್ನ ಒಂದು ತಾಸು ಮಾತ್ರ.

ರಾಜಕೀಯ ಇರೋದು ಆ ತಾಸಿನಲ್ಲೇ. 2022ರ ಬುನಾದಿ ಹಂತದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಸ್ಥಳೀಯ, ಕಡಿಮೆ ಖರ್ಚಿನ ಆಟಿಕೆ ಬಳಸಿ ಅನ್ನುತ್ತೆ. ನಮ್ಮ ಅಂಗನವಾಡಿಗಳ ‘ಚಿಲಿಪಿಲಿ’ಯೂ ಚಟುವಟಿಕೆಯನ್ನೇ ನಂಬಿದೆ. ಕಡಿಮೆ ಖರ್ಚು ಅಂದರೆ ಯಾವ ಸರ್ಕಾರಕ್ಕೂ ಖುಷಿ. ಆದರೆ ಮಕ್ಕಳ ತೂಕ, ಆಹಾರ ವಿತರಣೆ, ಪೋಷಣ್ ಟ್ರ್ಯಾಕರ್ ಎಂಟ್ರಿ, ಸರ್ವೆ, ಮತದಾರರ ಪಟ್ಟಿ ಎಲ್ಲವೂ ಅಂಗನವಾಡಿ ಕಾರ್ಯಕರ್ತೆಯ ತಲೆ ಮೇಲೆ. ಕೈಗೆ ಸಿಗೋದು ಸಂಬಳ ಅಲ್ಲ, ಗೌರವಧನ. ಮಕ್ಕಳ ಜೊತೆ ನೆಲಕ್ಕೆ ಕೂರೋಕೆ ಆಕೆಗೆ ಪುರುಸೊತ್ತೆಲ್ಲಿ?

ತಾಸು ಸಿಗದಿದ್ದರೆ ಡಬ್ಬಿ ಡಬ್ಬಿಯಾಗಿಯೇ ಉಳಿಯುತ್ತೆ. ನಿಮ್ಮ ವಾರ್ಡಿನ ಅಂಗನವಾಡಿಗೆ ಒಮ್ಮೆ ಹೋಗಿ, ಪಾಠಕ್ಕೆ ದಿನಕ್ಕೆ ಎಷ್ಟು ಹೊತ್ತು ಉಳಿಯುತ್ತೆ ಅಂತ ಕೇಳಿ. ಆ ಉತ್ತರ ಹಿಡ್ಕೊಂಡು ನಿಮ್ಮ ಶಾಸಕರ ಹತ್ತಿರ ಹೋಗಿ.