ಕೈಫೋನಿನ ಗಾಜು: ಅದರ ಹುಟ್ಟು, ಪರೀಕ್ಷೆ ಮತ್ತು ಬಾಳಿಕೆ

ವಸ್ತುಗಳ ಚರಿತ್ರೆಯನ್ನು ಬರೆಯುವವರು ಮಡಕೆ, ನಾಣ್ಯ, ಆಯುಧಗಳಿಗೆ ಕೊಟ್ಟಷ್ಟು ಗಮನವನ್ನು ನಮ್ಮ ಕಾಲದ ನಿತ್ಯೋಪಯೋಗಿ ಸಾಮಗ್ರಿಗಳಿಗೆ ಕೊಟ್ಟಿಲ್ಲ. ಸ್ಮಾರ್ಟ್‌ಫೋನು, ಟ್ಯಾಬ್ಲೆಟ್ಟುಗಳ ಮೇಲ್ಮೈಯ ಗಾಜನ್ನೇ ತೆಗೆದುಕೊಳ್ಳೋಣ. ಒಂದು ಮಿಲಿಮೀಟರಿಗಿಂತ ತೆಳುವಾದ ಈ ಹಲಗೆ ಹೊಸ ಯುಗದ ಸೃಷ್ಟಿಯೆಂದು ಸಾಮಾನ್ಯವಾದ ಭಾವನೆ. ಅದರ ಮೂಲವಾದರೋ ಅರುವತ್ತು ವರ್ಷಗಳಿಗೂ ಹಿಂದಿನದು.

ಅಮೆರಿಕದ ನ್ಯೂಯಾರ್ಕ್ ಸಂಸ್ಥಾನದ ಕಾರ್ನಿಂಗ್ ಎಂಬ ಊರಿನಲ್ಲಿ ಅದೇ ಹೆಸರಿನ ಗಾಜಿನ ಸಂಸ್ಥೆಯುಂಟು. 1952ರಲ್ಲಿ ಅಲ್ಲಿನ ವಿಜ್ಞಾನಿ ಡೊನಾಲ್ಡ್ ಸ್ಟೂಕಿ ಗಾಜಿನ ತುಂಡೊಂದನ್ನು ಕುಲುಮೆಯಲ್ಲಿಟ್ಟಿದ್ದಾಗ, 600 ಡಿಗ್ರಿಗೆ ನಿಲ್ಲಬೇಕಾಗಿದ್ದ ಶಾಖ 900 ಡಿಗ್ರಿಗೆ ಏರಿತು. ಕರಗಿಹೋಗಬೇಕಾಗಿದ್ದ ಗಾಜು ಹಾಲುಬಿಳುಪಿನ ತಟ್ಟೆಯಾಗಿ ಹೊರಬಂದಿತು. ಕೈತಪ್ಪಿ ನೆಲಕ್ಕೆ ಬಿದ್ದರೂ ಒಡೆಯಲಿಲ್ಲ. ಗಟ್ಟಿಗಾಜಿನ ಶೋಧಕ್ಕೆ ಇದರಿಂದ ಹುರುಪು ಬಂದಿತು. 1962ರಲ್ಲಿ ‘ಕೆಮ್ಕೋರ್’ ಎಂಬ ಗಾಜು ಪ್ರಕಟವಾಯಿತು. ಆದರೆ ಅದಕ್ಕೆ ತಕ್ಕ ಗಿರಾಕಿಗಳು ಸಿಕ್ಕಲಿಲ್ಲ. ಕೆಲವು ಕಾರುಗಳ ಮುಂಗಾಜಿಗೆ ಬಳಸಿ ನೋಡಿದರೂ ಅದು ನೆಲೆಗೊಳ್ಳದೆ, 1971ರ ಹೊತ್ತಿಗೆ ಯೋಜನೆಯನ್ನು ಬದಿಗಿರಿಸಲಾಯಿತು. 2007ರಲ್ಲಿ ಆಪಲ್ ಸಂಸ್ಥೆಯ ಸ್ಟೀವ್ ಜಾಬ್ಸ್ ಅವರಿಗೆ ತಮ್ಮ ಹೊಸ ಫೋನಿಗಾಗಿ, ಪ್ಲಾಸ್ಟಿಕ್ಕಿನಂತೆ ಬೇಗ ಗೀರು ಬೀಳದ ಗಾಜು ಬೇಕಾಯಿತು. ಹಳೆಯ ತತ್ತ್ವಕ್ಕೆ ಮರುಜೀವ ಬಂದು, ಕೆಂಟಕಿಯ ಹ್ಯಾರಡ್ಸ್‌ಬರ್ಗಿನ ಕಾರ್ಖಾನೆಯಲ್ಲಿ ಕೆಲವೇ ತಿಂಗಳುಗಳಲ್ಲಿ ತಯಾರಿಕೆ ನಡೆಯಿತು. ಬೇಕೆನಿಸಿದಾಗಲೇ ಮನುಷ್ಯನು ಹೊಸದನ್ನು ಕಂಡುಹಿಡಿಯುತ್ತಾನೆಂದು ತರಗತಿಗಳಲ್ಲಿ ಹೇಳುವ ನಾವು ಈ ನಿದರ್ಶನವನ್ನು ನೆನೆಯುವುದು ಒಳ್ಳೆಯದು. ಇಲ್ಲಿ ಉತ್ತರವೇ ಮೊದಲು ಬಂದು, ಪ್ರಶ್ನೆಗಾಗಿ ನಾಲ್ವತ್ತೈದು ವರ್ಷ ಕಾದಿತು.

ಈ ಗಾಜಿಗೆ ಬಲ ಬರುವುದೆಂತು? ಗಾಜು ಒಡೆಯುವುದಕ್ಕೆ ಅದರ ಮೈಯ ಅತಿ ಸೂಕ್ಷ್ಮವಾದ ಬಿರುಕುಗಳೇ ಕಾರಣವೆಂದು ಎ. ಎ. ಗ್ರಿಫಿತ್ 1921ರಲ್ಲಿ ಪ್ರಕಟವಾದ ತಮ್ಮ ಪ್ರಬಂಧದಲ್ಲಿ ತೋರಿಸಿದ್ದರು. ಪೆಟ್ಟು ಬಿದ್ದು ಗಾಜು ಬಾಗಿದಾಗ ಎಳೆತವು ಬಿರುಕನ್ನು ಅಗಲಿಸುತ್ತದೆ. ಮೇಲ್ಮೈಯನ್ನು ಸದಾ ಒತ್ತಡದಲ್ಲಿರಿಸಿದರೆ ಬಿರುಕು ಸುಲಭವಾಗಿ ಬಾಯಿ ತೆರೆಯಲಾರದು. ಇದಕ್ಕಾಗಿ ಸೋಡಿಯಂ ಉಳ್ಳ ಗಾಜನ್ನು ಸುಮಾರು 400 ಡಿಗ್ರಿ ಶಾಖದಲ್ಲಿ ಕರಗಿದ ಪೊಟ್ಯಾಸಿಯಂ ಲವಣದಲ್ಲಿ ಮುಳುಗಿಸಿಡುತ್ತಾರೆ. ಸಣ್ಣ ಸೋಡಿಯಂ ಅಯಾನುಗಳು ಹೊರಬಂದು ಅವುಗಳ ಸ್ಥಾನವನ್ನು ದೊಡ್ಡ ಪೊಟ್ಯಾಸಿಯಂ ಅಯಾನುಗಳು ಆಕ್ರಮಿಸುತ್ತವೆ. ತೆಳ್ಳಗಿನ ನಾಲ್ವರು ಎದ್ದುಹೋದ ಬೆಂಚಿನಲ್ಲಿ ದಪ್ಪನೆಯ ನಾಲ್ವರು ಕುಳಿತರೆ ಹೇಗೋ ಹಾಗೆ ಮೇಲ್ಪದರ ಇಕ್ಕಟ್ಟಾಗುತ್ತದೆ. ಆದರೆ ಈ ಪದರ ಬಲು ತೆಳು. ಅದನ್ನು ದಾಟಿ ಗೀರು ಒಳಕ್ಕಿಳಿದರೆ ಗಾಜು ಒಡೆಯುತ್ತದೆ.

ಗುಣವನ್ನು ಅಳೆಯುವ ರೀತಿ ಇನ್ನೂ ಸ್ವಾರಸ್ಯವಾದುದು. ಗೀರಿಗೆ ಆಧಾರ ಫ್ರೀಡ್ರಿಕ್ ಮೋಸ್ 1812ರಲ್ಲಿ ರೂಪಿಸಿದ ಗಡಸುತನದ ಶ್ರೇಣಿ. ಅದರಲ್ಲಿ ಬೆಣಚುಕಲ್ಲಿನ ಸ್ಥಾನ 7, ಗಾಜಿನದು ಅದಕ್ಕೂ ಕೆಳಗೆ. ಆದ್ದರಿಂದಲೇ ಜೇಬಿನ ಮರಳುಕಣವು ಬೀಗದ ಕೈಗಿಂತ ಹೆಚ್ಚು ಅಪಾಯಕಾರಿ. ಬೀಳಿಸುವ ಪರೀಕ್ಷೆಗೆ ರಸ್ತೆಯ ಬದಲು ಉಪ್ಪುಕಾಗದವನ್ನು ಹಾಸುತ್ತಾರೆ. 2018ರಲ್ಲಿ ಬಂದ ಆರನೆಯ ‘ಗೊರಿಲ್ಲಾ’ ಗಾಜು ಒಂದು ಮೀಟರ್ ಎತ್ತರದಿಂದ ಸರಾಸರಿ 15 ಸಲ ಬಿದ್ದರೂ ಉಳಿಯಿತೆಂದು ತಯಾರಕರು ಸಾರಿದರು. ಇಲ್ಲಿ ತಯಾರಕನೇ ಪರೀಕ್ಷಕನೂ ಆಗಿದ್ದಾನೆ. ಶಾಸನದ ಪ್ರಶಸ್ತಿಭಾಗದಲ್ಲಿ ಅರಸನ ದಿಗ್ವಿಜಯಗಳನ್ನು ಓದುವಾಗ ನಾವು ತೋರುವ ಎಚ್ಚರವನ್ನು ಇಲ್ಲಿಯೂ ತೋರಬೇಕು. ‘ಐಪಿ 68’ ಎಂಬ ಗುರುತೂ ಹಾಗೆಯೇ: ಮೊದಲ ಅಂಕಿ ಧೂಳಿಗೆ, ಎರಡನೆಯದು ನೀರಿಗೆ ಸಂಬಂಧಿಸಿದ್ದು. ಅದು ಪ್ರಯೋಗಶಾಲೆಯ ತಿಳಿನೀರಿನಲ್ಲಿ ಹೊಸ ಉಪಕರಣ ಪಡೆದ ಫಲ; ಅಂಚಿನ ಅಂಟು ಸಡಿಲವಾದ ಮೂರು ವರ್ಷದ ಫೋನಿಗೆ ಅನ್ವಯಿಸದು.

ಗಾಜು ಇಷ್ಟು ಗಟ್ಟಿಯಾದರೂ ಫೋನಿನ ಆಯುಷ್ಯ ಹೆಚ್ಚಿತೆ? ಗಾಜು ಹಾಗೆಯೇ ಇದ್ದು, ಬ್ಯಾಟರಿ ಸೊರಗಿ, ತಂತ್ರಾಂಶ ಹಳತಾಗಿ ಮೂಲೆ ಸೇರಿದ ಫೋನುಗಳು ಮನೆಮನೆಯಲ್ಲಿವೆ. ಬ್ಯಾಟರಿಯನ್ನು ಅಂಟಿನಿಂದ ಕೂರಿಸುವುದು ತೆಳುತನಕ್ಕೆ ಅನುಕೂಲವಾದರೂ ರಿಪೇರಿಗೆ ಪ್ರತಿಕೂಲ. ಆದಕಾರಣ ಬಾಳಿಕೆಯನ್ನು ಗಾಜಿನಿಂದಲ್ಲ, ಬಿಡಿಭಾಗಗಳ ಲಭ್ಯತೆಯಿಂದ ಅಳೆಯುವುದೇ ಯುಕ್ತವೆಂದು ನನ್ನ ಅಭಿಪ್ರಾಯ. ಯೂರೋಪಿಯನ್ ಒಕ್ಕೂಟ ಈ ದಾರಿಯನ್ನು ಹಿಡಿದಿದೆ. 2025ರ ಜೂನ್ 20ರಿಂದ ಅಲ್ಲಿ ಜಾರಿಗೆ ಬಂದ ನಿಯಮದಂತೆ ಬ್ಯಾಟರಿಯು 800 ಸಲ ತುಂಬಿ ಬರಿದಾದ ಮೇಲೂ ಶೇಕಡ 80ರಷ್ಟು ಶಕ್ತಿಯನ್ನು ಉಳಿಸಿಕೊಂಡಿರಬೇಕು. ಮಾರಾಟ ನಿಂತ ಬಳಿಕ 7 ವರ್ಷ ಮುಖ್ಯ ಬಿಡಿಭಾಗಗಳು ದೊರೆಯಬೇಕು.

ನಮ್ಮಲ್ಲಿ ಐಫೋನುಗಳ ಜೋಡಣೆ ಕೋಲಾರದ ಬಳಿಯ ನರಸಾಪುರದಲ್ಲಿಯೇ ನಡೆಯುತ್ತಿದೆ. ಒಡೆದ ಫೋನುಗಳಿಗೆ ಬೆಂಗಳೂರಿನ ಎಸ್. ಪಿ. ರಸ್ತೆಯ ಅಂಗಡಿಗಳುಂಟು. ಈ ಎರಡರ ನಡುವೆ ಕಾಯಿದೆಯ ಸೇತುವೆ ಮಾತ್ರ ಕಟ್ಟಬೇಕಾಗಿದೆ. ರಿಪೇರಿಯ ಸೌಲಭ್ಯವನ್ನು ಅಂಕಗಳಿಂದ ಸೂಚಿಸುವ ಕ್ರಮದ ಬಗ್ಗೆ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2024ರಲ್ಲಿ ನೇಮಿಸಿದ ಸಮಿತಿ 2025ರ ಮೇ ತಿಂಗಳಲ್ಲಿ ವರದಿಯನ್ನು ಸಲ್ಲಿಸಿತು.