ಒಂದು ಕಿಲೋಮೀಟರ್‌ನ ಜಗಳ

ಪುಣೆಯ ಬಡ ಕುಟುಂಬವೊಂದು ಮಗುವಿಗೆ ಖಾಸಗಿ ಶಾಲೆಯಲ್ಲಿ ಶಿಕ್ಷಣ ಹಕ್ಕು ಕಾಯ್ದೆಯ (ಆರ್‌ಟಿಇ) ಸೀಟು ಕೇಳುವಾಗ ಹೆಚ್ಚು ಎಚ್ಚರ ವಹಿಸಬೇಕಾದದ್ದು ಮ್ಯಾಪಿನ ಬಗ್ಗೆ. ಆನ್‌ಲೈನ್ ಅರ್ಜಿಯಲ್ಲಿ ಗೂಗಲ್ ಮ್ಯಾಪ್ ತೆರೆದುಕೊಳ್ಳುತ್ತದೆ. ಗುರುತನ್ನು ಸರಿಸಿ ಸರಿಸಿ ತಮ್ಮ ಮನೆಯ ಮೇಲೆಯೇ ನಿಲ್ಲಿಸಬೇಕು. ಅಲ್ಲಿಂದ ಒಂದು ಕಿಲೋಮೀಟರ್ ಒಳಗಿನ ಶಾಲೆಗಳಿಗೆ ಮೊದಲ ಆದ್ಯತೆ, ಮೂರು ಕಿಲೋಮೀಟರ್ ಒಳಗಿನವು ಆಮೇಲೆ. ಹತ್ತು ಶಾಲೆಗಳವರೆಗೆ ಆರಿಸಿಕೊಂಡು ಲಾಟರಿಗೆ ಕಾಯಬೇಕು. ಗುರುತು ಎರಡು ಗಲ್ಲಿ ಆಚೆ ನಿಂತಿದ್ದರೆ ದಾಖಲೆ ಪರಿಶೀಲನೆಯಲ್ಲಿ ಸಿಕ್ಕ ಸೀಟೂ ಕೈತಪ್ಪಬಹುದು. ಬಾಡಿಗೆ ಮನೆಯವರಿಗೆ ನೋಂದಾಯಿತ ಕರಾರುಪತ್ರವೂ ಬೇಕು. ತಗಡಿನ ಖೋಲಿಯೊಂದನ್ನು ಬಾಡಿಗೆಗೆ ಕೊಟ್ಟ ಮಾಲೀಕ ಕರಾರು ನೋಂದಣಿ ಮಾಡಿಸಿಕೊಡಲು ಒಪ್ಪುವುದು ಅಪರೂಪ. ಯಾದಗಿರಿ, ಕಲಬುರಗಿ, ವಿಜಯಪುರದ ಕಡೆಯಿಂದ ಗುಳೆ ಹೋಗಿ ಅಲ್ಲಿ ಕಟ್ಟಡ ಕಟ್ಟುವ ನಮ್ಮವರಲ್ಲಿ ಎಷ್ಟೋ ಮಂದಿ ಇರುವುದು ಇಂಥ ಖೋಲಿಗಳಲ್ಲಿ, ಇಲ್ಲವೇ ಕೆಲಸದ ಜಾಗದ ಶೆಡ್ಡುಗಳಲ್ಲಿ. ಅವರ ಮಕ್ಕಳು ಲಾಟರಿಯವರೆಗೂ ಹೋಗುವುದಿಲ್ಲ.

ಇಷ್ಟಾದರೂ ಈ ಒಂದು ಕಿಲೋಮೀಟರ್‌ನ ಲೆಕ್ಕದಲ್ಲಿ ಒಂದು ಒಳ್ಳೆಯ ಗುಣವಿದೆ. ಪುಣೆ ಬೆಳೆದದ್ದೇ ಬಡವರೂ ಸಿರಿವಂತರೂ ಅಕ್ಕಪಕ್ಕದಲ್ಲಿ ಇರುವ ಹಾಗೆ. ಗೋಖಲೆನಗರವನ್ನೇ ನೋಡಿ. 1961ರ ಜುಲೈನಲ್ಲಿ ಪಾನ್‌ಶೇತ್ ಅಣೆಕಟ್ಟು ಒಡೆದು ಮುಠಾ ನದಿ ಊರಿಗೆ ನುಗ್ಗಿದಾಗ ಮನೆ ಕಳೆದುಕೊಂಡವರನ್ನು ತಂದು ನೆಲೆಗೊಳಿಸಿದ ಬಡಾವಣೆ ಅದು. ಇವತ್ತು ಅದರ ಮಗ್ಗುಲಲ್ಲೇ ಸೇನಾಪತಿ ಬಾಪಟ್ ರಸ್ತೆಯ ದುಬಾರಿ ಫ್ಲ್ಯಾಟುಗಳಿವೆ. ಪರ್ವತಿ ಗುಡ್ಡದ ಮಗ್ಗುಲಲ್ಲಿ ಜನತಾ ವಸಾಹತ್‌ನ ಒತ್ತೊತ್ತಾದ ಮನೆಗಳಿದ್ದರೆ, ಅದೇ ಗುಡ್ಡದ ಆಚೆ ಸಹಕಾರನಗರದ ಬಂಗ್ಲೆಗಳು. ಇಂಥ ಕಡೆ ಶಾಲೆಯ ಸುತ್ತ ಒಂದು ಕಿಲೋಮೀಟರ್ ಗೆರೆ ಎಳೆದರೆ ಮನೆಗೆಲಸದವರ ಮಗಳೂ ಮನೆ ಮಾಲೀಕರ ಮಗಳೂ ಒಂದೇ ಸರಹದ್ದಿಗೆ ಬರುತ್ತಾರೆ. ಮಗರ್‌ಪಟ್ಟಾ, ಖರಾಡಿ, ವಾಘೋಲಿಯಂಥ ಹೊಸ ಪುಣೆಯಲ್ಲಿ ಗೇಟು ಹಾಕಿದ ಸೊಸೈಟಿಗಳೇ ಬೆಳೆಯುತ್ತಿರುವುದರಿಂದ ಅದೇ ಗೆರೆ ಅದೇ ಕೆಲಸ ಮಾಡುತ್ತದೆಂದು ಹೇಳಲಾಗದು. ಗೆರೆ ಬಡವರನ್ನು ಹೊರಗಿಡುವುದೂ ಉಂಟು: ಅಮೆರಿಕದಲ್ಲಿ ಸರ್ಕಾರಿ ಹೈಸ್ಕೂಲಿನ ಸರಹದ್ದು ನೋಡಿಯೇ ಮನೆ ಕೊಳ್ಳುತ್ತಾರೆ. ಒಳ್ಳೆಯ ಶಾಲೆಯ ಸರಹದ್ದಿನಲ್ಲಿ ಮನೆಯ ಬೆಲೆ ಏರುತ್ತದೆ, ಬಡವರು ತಾವಾಗಿಯೇ ಹೊರಗುಳಿಯುತ್ತಾರೆ. ಗೆರೆ ಎಲ್ಲಿ ಬೀಳುತ್ತದೆ ಎನ್ನುವುದರ ಮೇಲೆ ಎಲ್ಲವೂ ನಿಂತಿದೆ.

2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆಯ 12(1)(ಸಿ) ಕಲಂ ಸರಳವಾಗಿದೆ: ಅನುದಾನವಿಲ್ಲದ ಖಾಸಗಿ ಶಾಲೆ ಪ್ರವೇಶದ ತರಗತಿಯಲ್ಲಿ ಶೇ 25ರಷ್ಟು ಸೀಟುಗಳನ್ನು ನೆರೆಹೊರೆಯ ದುರ್ಬಲ ವರ್ಗದ ಮಕ್ಕಳಿಗೆ ಕೊಡಬೇಕು, ಖರ್ಚನ್ನು ಸರ್ಕಾರ ಭರಿಸುತ್ತದೆ. ಮಹಾರಾಷ್ಟ್ರದಲ್ಲಿ ಅದು ಮಗುವಿಗೆ ವರ್ಷಕ್ಕೆ 17,670 ರೂಪಾಯಿ. 2012ರಲ್ಲಿ ಸುಪ್ರೀಂ ಕೋರ್ಟ್ ಈ ಕಲಮನ್ನು ಎತ್ತಿಹಿಡಿಯಿತು. 2014ರಲ್ಲಿ ಅಲ್ಪಸಂಖ್ಯಾತ ಶಾಲೆಗಳನ್ನೆಲ್ಲ ಕಾಯ್ದೆಯಿಂದ ಹೊರಗಿಟ್ಟಿತು. ಪುಣೆ ಜಿಲ್ಲೆಯೊಂದರಲ್ಲೇ ಇಂಥ ಸೀಟುಗಳು 15 ಸಾವಿರಕ್ಕೂ ಹೆಚ್ಚು.

2024ರ ಫೆಬ್ರುವರಿ 9ರಂದು ಮಹಾರಾಷ್ಟ್ರ ಸರ್ಕಾರ ನಿಯಮವನ್ನೇ ತಿರುವುಮುರುವು ಮಾಡಿತು. ಸರ್ಕಾರಿ ಅಥವಾ ಅನುದಾನಿತ ಶಾಲೆ ಒಂದು ಕಿಲೋಮೀಟರ್ ಒಳಗಿದ್ದರೆ ಖಾಸಗಿ ಶಾಲೆ ಆರ್‌ಟಿಇ ಸೀಟು ಕೊಡಬೇಕಾಗಿಲ್ಲ ಎಂದಿತು. ಪುಣೆಯಂಥ ಊರಿನಲ್ಲಿ ಒಂದು ಕಿಲೋಮೀಟರ್ ಒಳಗೆ ಮಹಾನಗರಪಾಲಿಕೆಯ ಶಾಲೆಯೋ ಅನುದಾನಿತ ಶಾಲೆಯೋ ಇಲ್ಲದ ಜಾಗ ಹುಡುಕಬೇಕು. ಅಂದರೆ, ಯಾವ ಅಳತೆ ಬಡವರ ಮಗುವನ್ನು ಒಳಗೆ ಬಿಟ್ಟಿತ್ತೋ ಅದೇ ಅಳತೆಯಿಂದ ಬಾಗಿಲು ಹಾಕಿದರು. ಹಿಂದಿನ ವರ್ಷ ರಾಜ್ಯದಲ್ಲಿ ಮೂರೂವರೆ ಲಕ್ಷಕ್ಕೂ ಹೆಚ್ಚು ಅರ್ಜಿಗಳು ಬಂದಿದ್ದವು. ಹೊಸ ನಿಯಮದಡಿ ಅವು ಒಂದು ಲಕ್ಷವನ್ನೂ ಮುಟ್ಟಲಿಲ್ಲ. ಪೋಷಕರು ನ್ಯಾಯಾಲಯಕ್ಕೆ ಹೋದರು. ಮೇ 6ರಂದು ಬಾಂಬೆ ಹೈಕೋರ್ಟ್ ತಡೆ ಕೊಟ್ಟಿತು, ಜುಲೈ 19ರಂದು ನಿಯಮವನ್ನೇ ರದ್ದು ಮಾಡಿತು. ಪಕ್ಕದಲ್ಲಿ ಸರ್ಕಾರಿ ಶಾಲೆ ಇದೆಯೋ ಇಲ್ಲವೋ, ಖಾಸಗಿ ಶಾಲೆಯ ಹೊಣೆ ಅದನ್ನು ಅವಲಂಬಿಸಿಲ್ಲ ಎನ್ನುವುದು ತೀರ್ಪಿನ ತಿರುಳು. ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಉಳಿಸಿತು. ಬಡ ಮಕ್ಕಳ ಜೊತೆ ಕಲಿತರೆ ಸಿರಿವಂತರ ಮಕ್ಕಳಿಗೂ ದೇಶ ಹೇಗಿದೆ ಎಂಬುದು ತಿಳಿಯುತ್ತದೆ ಎಂಬರ್ಥದ ಮಾತು ಆಗಿನ ಮುಖ್ಯ ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್ ಅವರ ಪೀಠದಿಂದ ಬಂತು.

ಇದನ್ನು ಓದುವ ಕನ್ನಡಿಗರಿಗೆ ಒಂದು ಸಂಗತಿ ನೆನಪಾಗಬೇಕು. ಮಹಾರಾಷ್ಟ್ರ 2024ರಲ್ಲಿ ಮಾಡಲು ಹೋಗಿ ಸೋತದ್ದನ್ನು ಕರ್ನಾಟಕ 2019ರಲ್ಲೇ ಮಾಡಿ ಮುಗಿಸಿತ್ತು. ನೆರೆಹೊರೆಯಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಶಾಲೆಗೆ ಆರ್‌ಟಿಇ ಇಲ್ಲ ಎಂದು ನಿಯಮ ತಿದ್ದಿತು; ನಮ್ಮ ಹೈಕೋರ್ಟ್ ಅದೇ ವರ್ಷ ಅದನ್ನು ಒಪ್ಪಿತು. ಲಕ್ಷಕ್ಕೂ ಮೀರಿದ್ದ ಸೀಟುಗಳು ಒಂದೇ ವರ್ಷದಲ್ಲಿ 20 ಸಾವಿರದ ಕೆಳಗೆ ಇಳಿದವು. ಇಲ್ಲಿ ದೊಡ್ಡ ಸದ್ದೇ ಆಗಲಿಲ್ಲ.

ಕರ್ನಾಟಕದ ವಾದವನ್ನು ತಳ್ಳಿಹಾಕುವಂತಿಲ್ಲ. ಸರ್ಕಾರದ ದುಡ್ಡು ಖಾಸಗಿ ಶಾಲೆಗೆ ಹರಿದು, ಮಕ್ಕಳಿಲ್ಲದೆ ಸರ್ಕಾರಿ ಶಾಲೆಗಳು ಮುಚ್ಚುತ್ತಿದ್ದವು ಎಂಬ ಆತಂಕ ನಿಜ. ಆದರೆ ಸರ್ಕಾರಿ ಶಾಲೆ ತುಂಬಿಸಲು ಬಡವರ ಮಕ್ಕಳನ್ನೇ ಕಟ್ಟಿಹಾಕುವುದು ಯಾವ ನ್ಯಾಯ? ಪುಣೆ ಮಹಾನಗರಪಾಲಿಕೆ ಶಿವದರ್ಶನದಲ್ಲಿ ನಡೆಸುವ ರಾಜೀವ್ ಗಾಂಧಿ ಇ-ಲರ್ನಿಂಗ್ ಶಾಲೆಗೆ ಪೋಷಕರು ತಾವಾಗಿಯೇ ಸೀಟಿಗೆ ಮುಗಿಬೀಳುತ್ತಾರೆ. ಸರ್ಕಾರಿ ಶಾಲೆ ತುಂಬುವ ದಾರಿ ಅದು.

ಹೈಸ್ಕೂಲಿನ ವಿಚಾರಕ್ಕೆ ಬಂದರೆ ಗಾಯ ಇನ್ನೂ ಆಳದ್ದು. ಕಾಯ್ದೆ ಕಾಯುವುದು 14 ವರ್ಷದವರೆಗೆ, ಎಂಟನೇ ತರಗತಿವರೆಗೆ. ಒಂಬತ್ತಕ್ಕೆ ಕಾಲಿಟ್ಟ ಕೂಡಲೇ ಪೂರ್ತಿ ಫೀಸು ಕಟ್ಟಬೇಕು. ವರ್ಷಗಟ್ಟಲೆ ಒಂದೇ ಬೆಂಚಿನಲ್ಲಿ ಕೂತ ಮಕ್ಕಳಲ್ಲಿ ಕೆಲವರು ಒಂಬತ್ತನೇ ತರಗತಿಯ ಹೊಸ್ತಿಲಲ್ಲಿ ಬೇರೆ ಶಾಲೆ ಹುಡುಕುತ್ತಾರೆ. ಆಮೇಲೆ ಫಲಿತಾಂಶ ಬಂದಾಗ ಶಾಲೆಯ ಗೇಟಿಗೆ ಫ್ಲೆಕ್ಸ್ ಏರುತ್ತದೆ: ನೂರಕ್ಕೆ ನೂರು. ಪುಣೆಯಲ್ಲಿರಲಿ, ಹುಬ್ಬಳ್ಳಿಯಲ್ಲಿರಲಿ, ನಾವು ಹೈಸ್ಕೂಲುಗಳನ್ನು ಹೋಲಿಸುವುದು ಈ ಫ್ಲೆಕ್ಸ್ ನೋಡಿಯೇ. ಯಾರನ್ನು ಸೇರಿಸಿಕೊಂಡರು, ಯಾರು ನಡುವೆ ಬಿಟ್ಟುಹೋದರು ಎಂಬ ಲೆಕ್ಕ ಫ್ಲೆಕ್ಸಿನಲ್ಲಿ ಇರುವುದಿಲ್ಲ. ಬಸ್ಸಿಗೂ ದುಡ್ಡಿಲ್ಲದ ಮನೆಯ ಹುಡುಗಿಯನ್ನು ಪಾಸು ಮಾಡಿಸಿದ ಪಾಲಿಕೆ ಶಾಲೆಯ ಶೇ 80, ಆರಿಸಿ ಆರಿಸಿ ಸೇರಿಸಿಕೊಂಡ ಶಾಲೆಯ ನೂರಕ್ಕಿಂತ ದೊಡ್ಡದು ಎಂದು ನಾನು ನಂಬುತ್ತೇನೆ.

ಶಾಲೆಯ ಬಾಗಿಲು ಎಲ್ಲರ ಮಕ್ಕಳಿಗೂ ತೆರೆಯಬೇಕೆಂಬ ಮಾತನ್ನು ಪುಣೆ ಮೊದಲೇ ಆಡಿದೆ. 1848ರಲ್ಲಿ ಭಿಡೆವಾಡಾದಲ್ಲಿ ಜ್ಯೋತಿಬಾ ಫುಲೆ, ಸಾವಿತ್ರಿಬಾಯಿ ಹೆಣ್ಣುಮಕ್ಕಳ ಶಾಲೆ ತೆರೆದರು. ರೈತರಿಂದ ಬಂದ ಕಂದಾಯ ಮೇಲ್ಜಾತಿಯವರ ಓದಿಗೆ ಖರ್ಚಾಗುತ್ತಿದೆ ಎಂದು ಫುಲೆ 1882ರಲ್ಲಿ ಶಿಕ್ಷಣ ಕುರಿತ ಹಂಟರ್ ಆಯೋಗಕ್ಕೆ ಬರೆದುಕೊಟ್ಟರು. ಇನ್ನೊಂದು ಹೆಸರು ಜೆ.ಪಿ. ನಾಯಕ್. ಕೊಲ್ಹಾಪುರ ಸೀಮೆಯ ಬಹಿರೇವಾಡಿಯಲ್ಲಿ ಹುಟ್ಟಿ, ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಓದಿ, ಸ್ವಾತಂತ್ರ್ಯ ಹೋರಾಟದಲ್ಲಿ ಬಳ್ಳಾರಿ ಜೈಲು ಕಂಡು, ಧಾರವಾಡದ ಹತ್ತಿರದ ಉಪ್ಪಿನ ಬೆಟಗೇರಿಯಲ್ಲಿ ಊರ ಕೆಲಸಕ್ಕೆ ನಿಂತವರು. ಮುಂದೆ ಶಿಕ್ಷಣ ಕುರಿತ ಕೊಠಾರಿ ಆಯೋಗದ ಸದಸ್ಯ ಕಾರ್ಯದರ್ಶಿಯಾದರು. ಕೊನೆಯ ವರ್ಷಗಳಲ್ಲಿ ತಾವು ಕಟ್ಟಿದ ಭಾರತೀಯ ಶಿಕ್ಷಣ ಸಂಸ್ಥೆಯನ್ನು ಪುಣೆಗೆ ತಂದರು. 1966ರ ಆ ಆಯೋಗದ ವರದಿ ಹೇಳಿದ್ದು ನೆರೆಹೊರೆ ಶಾಲೆಯ ಬಗ್ಗೆ: ಜಾತಿ, ಧರ್ಮ, ದುಡ್ಡು ಯಾವುದನ್ನೂ ನೋಡದೆ ಒಂದು ಸರಹದ್ದಿನ ಎಲ್ಲ ಮಕ್ಕಳೂ ಒಂದೇ ಶಾಲೆಗೆ. ಆರು ದಶಕವಾಗುತ್ತ ಬಂತು. ನಾವಿನ್ನೂ ಕಾಲು ಭಾಗ ಸೀಟಿಗೆ ಕೋರ್ಟು ಹತ್ತುತ್ತಿದ್ದೇವೆ.

ಪುಣೆಯ ಪೋಷಕರು ತಮ್ಮ ಒಂದು ಕಿಲೋಮೀಟರನ್ನು ಉಳಿಸಿಕೊಂಡರು. ಕರ್ನಾಟಕ ಸರ್ಕಾರ ತನ್ನ ತಿದ್ದುಪಡಿಯನ್ನು ಹಿಂದಕ್ಕೆ ತೆಗೆದುಕೊಳ್ಳಲಿ, ಎರಡೂ ರಾಜ್ಯಗಳು ಈ ಸೀಟನ್ನು ಹತ್ತನೇ ತರಗತಿವರೆಗೆ ವಿಸ್ತರಿಸಲಿ, ಗುಳೆ ಹೋದವರ ಮಗುವಿಗೆ ಕರಾರುಪತ್ರದ ಬದಲು ಬೇರೆ ಪುರಾವೆ ಒಪ್ಪಲಿ. ಶಿಕ್ಷಣ ಇಲಾಖೆಯ ಮುಂದೆ ಇದನ್ನು ಕೇಳಬೇಕಾದವರು ಫೀಸು ಕಟ್ಟಿ ಮಕ್ಕಳನ್ನು ಓದಿಸುತ್ತಿರುವ ನಾವು ಕೂಡ.